ಶೇರ್‌ಗಿಲ್ ಖಾನ್‌ದಾನಿನ ಮೂರು ತಲೆಮಾರು

ಒಂದೇ ಮನೆಯಲ್ಲಿ ಇಬ್ಬರು ಮೂವರು ಕಲಾವಿದರು ಕಾಣಿಸಿದರೆ ‘ಕಲೆ ಅವರ ರಕ್ತದಲ್ಲೇ ಇದೆ’ ಎಂದುಬಿಡುವುದು ನಮ್ಮ ರೂಢಿ. ಆ ಮಾತನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡುವ ಪ್ರದರ್ಶನವೊಂದು 2006ರಲ್ಲಿ ಜರ್ಮನಿಯ ಮ್ಯೂನಿಕ್‌ನ ‘ಹೌಸ್ ಡೆರ್ ಕುನ್ಸ್ಟ್’ನಲ್ಲಿ ನಡೆಯಿತು. ಅಮೃತಾ ಶೇರ್‌ಗಿಲ್‌ರನ್ನು ನಡುವಿಟ್ಟು, 20ನೇ ಶತಮಾನದ ಒಂದು ಭಾರತೀಯ ಕಲಾವಿದ ಕುಟುಂಬವನ್ನು ಪರಿಚಯಿಸಿದ ಪ್ರದರ್ಶನ ಅದು.

ಈ ರಕ್ತ ಯಾರದು? ತಂದೆ ಉಮ್ರಾವ್ ಸಿಂಗ್ ಸಿಖ್ಖರು. ಸಂಸ್ಕೃತ, ಫಾರ್ಸಿ ಬಲ್ಲ ವಿದ್ವಾಂಸರು, ಅಲ್ಲಾಮಾ ಇಕ್ಬಾಲರ ಗೆಳೆಯರು. ತಾಯಿ ಮರಿ ಆಂಟೊನೆಟ್ ಹಂಗೇರಿಯ ಯಹೂದಿ ಮೂಲದ ಗಾಯಕಿ. ಅಮೃತಾ 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು, 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 28 ವರ್ಷ.

ಪ್ರದರ್ಶನ ನಡೆದ ಕಟ್ಟಡಕ್ಕೂ ಒಂದು ಕಥೆಯಿದೆ. 1937ರಲ್ಲಿ ‘ಶುದ್ಧ ಜರ್ಮನ್ ಕಲೆ’ಗಾಗಿ ಹಿಟ್ಲರ್ ಉದ್ಘಾಟಿಸಿದ ಕಟ್ಟಡ ಅದು. ಮರುದಿನವೇ ಅದೇ ಊರಿನಲ್ಲಿ ಆಧುನಿಕ ಕಲೆಯನ್ನು ‘ಕೆಟ್ಟುಹೋದ ಕಲೆ’ ಎಂದು ಹೀಯಾಳಿಸುವ ಇನ್ನೊಂದು ಪ್ರದರ್ಶನ ತೆರೆಯಿತು. ಅದೇ 1937ರಲ್ಲಿ ಅಮೃತಾ ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿ ಬಂದು, ‘ಬ್ರಹ್ಮಚಾರಿಗಳು’, ‘ವಧುವಿನ ಸಿಂಗಾರ’ ಚಿತ್ರಗಳನ್ನು ಬರೆದರು. ಎಪ್ಪತ್ತು ವರ್ಷ ತುಂಬುವ ಮೊದಲೇ ಆ ಬೆರಕೆ ಮನೆತನ ಆ ಗೋಡೆಗಳ ಮೇಲೆ ಬಂದು ನಿಂತಿತು. ಪ್ರದರ್ಶನದ ದೊಡ್ಡ ಅರ್ಥ ನಮಗೆ ಇಲ್ಲೇ ಕಾಣುತ್ತದೆ.

ಹಾಗಾದರೆ ಈ ಮನೆಯಲ್ಲಿ ಕೈಯಿಂದ ಕೈಗೆ ದಾಟಿದ್ದೇನು? ನೋಡುವ ಅಭ್ಯಾಸ ಎನ್ನಬೇಕು. ಉಮ್ರಾವ್ ಸಿಂಗ್ ದಶಕಗಳ ಕಾಲ ಹೆಂಡತಿ ಮಕ್ಕಳ ಫೋಟೋ ತೆಗೆದರು. ಕ್ಯಾಮರಾವನ್ನು ತಮ್ಮ ಕಡೆಗೇ ತಿರುಗಿಸಿ ಬರಿ ಮೈಯ ಫೋಟೋಗಳನ್ನೂ ತೆಗೆದುಕೊಂಡರು. ಆ ಕ್ಯಾಮರಾದ ಮುಂದೆ ಬೆಳೆದ ಮಗಳು ಮುಂದೆ ತನ್ನನ್ನೇ ಮತ್ತೆ ಮತ್ತೆ ಚಿತ್ರಿಸಿಕೊಂಡದ್ದು ಆಶ್ಚರ್ಯವಲ್ಲ. ಬಹುಕಾಲ ‘ಅಮೃತಾರ ತಂದೆ’ ಎಂದಷ್ಟೇ ಪರಿಚಿತರಾಗಿದ್ದ ಉಮ್ರಾವ್ ಸಿಂಗ್ ಇಲ್ಲಿ ಸ್ವತಃ ಕಲಾವಿದರಾಗಿ ಎದುರಾಗುತ್ತಾರೆ.

ಮೂರನೆಯವರು ಅಮೃತಾರ ತಂಗಿ ಇಂದಿರಾರ ಮಗ ವಿವಾನ್ ಸುಂದರಂ (1943-2023). ಅಜ್ಜನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ಬೇರೆ ಬೇರೆ ಕಾಲದ ಮನೆಮಂದಿಯನ್ನು ಒಂದೇ ಚೌಕಟ್ಟಿಗೆ ತಂದ ‘ರೀಟೇಕ್ ಆಫ್ ಅಮೃತಾ’ (2001-02) ಅವರದು. ಕೆಲವೆಡೆ ಜಾಣ್ಮೆ ಹೆಚ್ಚಾಗಿ ಮೂಲ ಫೋಟೋದ ಮೌನ ಕಳೆದುಹೋಗಿದೆ ಎಂಬ ತಕರಾರು ನಮಗಿದೆ. ಸತ್ತವರು ‘ಬೇಡ’ ಎನ್ನಲಾರರಲ್ಲ! ಆದರೂ ಹಿರಿಯರ ಪಟಕ್ಕೆ ಹಾರ ಹಾಕಿ ಕೈಮುಗಿಯುವುದಕ್ಕಿಂತ ಅವರೊಡನೆ ಜಗಳಕ್ಕೆ ಕೂರುವುದು ಮೇಲು.

ಕೊರಗೊಂದು ಉಳಿಯುತ್ತದೆ. ಹಾಡುತ್ತಿದ್ದ ತಾಯಿ ಈ ಚಿತ್ರಗಳಲ್ಲಿ ಮುಖವಾಗಿ ಉಳಿದರು, ದನಿಯಾಗಿ ಉಳಿಯಲಿಲ್ಲ. ಗೋಡೆಗೆ ತೂಗುಹಾಕಲು ಬರುವುದನ್ನಷ್ಟೇ ಲೆಕ್ಕ ಹಿಡಿದರೆ ಎಷ್ಟೋ ಮನೆಗಳ ಹೆಂಗಸರು ಹೀಗೆಯೇ ಹೊರಗುಳಿಯುತ್ತಾರೆ.

ಅಮೃತಾ ಕಣ್ಮುಚ್ಚಿದ ಲಾಹೋರ್ 1947ರಲ್ಲಿ ಬೇರೆ ದೇಶದ ಊರಾಯಿತು. 1976ರಲ್ಲಿ ಭಾರತ ಅವರ ಚಿತ್ರಗಳನ್ನು ರಾಷ್ಟ್ರೀಯ ಕಲಾಸಂಪತ್ತು ಎಂದು ಘೋಷಿಸಿತು. ಆಗ ಯಾರೂ ಅವರ ರಕ್ತದ ಲೆಕ್ಕ ಕೇಳಲಿಲ್ಲ. ಸಂಬಂಧ ಕುದುರಿಸುವಾಗ ಮೊದಲು ‘ಖಾನ್‌ದಾನ್ ಯಾವುದು’ ಎಂದು ವಿಚಾರಿಸುವ ನಾವೂ ಈ ಮನೆತನವನ್ನು ಒಮ್ಮೆ ನಿಧಾನವಾಗಿ ನೋಡಬೇಕು.