ಕಟ್ಟುಕೊಡಗೆ: ಕೋಲಾರ ಸೀಮೆಯ ಪುನರುಜ್ಜೀವನವನ್ನು ಕುರಿತ ಬರವಣಿಗೆಗಳ ವಿಮರ್ಶೆ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು 1905ರಲ್ಲಿ ಪ್ರಕಟವಾಯಿತು. ಕೋಲಾರ ಜಿಲ್ಲೆಯ ಕನ್ನಡ, ತಮಿಳು, ತೆಲುಗು ಶಾಸನಗಳು ಅದರಲ್ಲಿ ಸೇರಿವೆ. ಅದಕ್ಕೆ ಮೂರು ವರ್ಷ ಹಿಂದೆ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುಚ್ಛಕ್ತಿಯು 92 ಮೈಲಿ ದೂರ ತಂತಿಯ ಮೇಲೆ ಬಂದು ಅದೇ ಜಿಲ್ಲೆಯ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಹೀಗೆ ಒಂದೇ ಕಾಲದಲ್ಲಿ ಒಂದೇ ಸೀಮೆಯ ವಿಷಯವಾಗಿ ಎರಡು ಬಗೆಯ ಬರವಣಿಗೆಗಳು ಬೆಳಕಿಗೆ ಬಂದವು. ಒಂದು, ಕೆರೆಯ ಏರಿಯ ಮೇಲೂ ಗುಡಿಯ ಗೋಡೆಯ ಮೇಲೂ ಕೆತ್ತಿದ ಹಳೆಯ ಮಾತು. ಇನ್ನೊಂದು, ಗಣಿಯ ಆಳವನ್ನೂ ಚಿನ್ನದ ತೂಕವನ್ನೂ ಲೆಕ್ಕವಿಡುವ ಹೊಸ ಮಾತು. ಹಿಂದುಳಿದ ಗ್ರಾಮಸೀಮೆಗಳ ‘ಸುಸ್ಥಿರ ಪರಿವರ್ತನೆ’, ‘ಸಾಮಾಜಿಕ ನಾವೀನ್ಯ’ ಎಂದು ಇಂದಿನ ವರದಿಗಳಲ್ಲಿ ಬಳಕೆಯಾಗುವ ಪದಗಳು ಈ ಎರಡನೆಯ ಮಾತಿನ ಸಂತತಿಗೆ ಸೇರಿದವು. ಅವುಗಳ ಸತ್ತ್ವವನ್ನು ಒರೆಹಚ್ಚಿ ನೋಡಲು ಮೊದಲನೆಯದರಲ್ಲಿಯೇ ಒಂದು ಒರೆಗಲ್ಲು ದೊರೆಯುತ್ತದೆ. ಅದು ‘ಕಟ್ಟುಕೊಡಗೆ’ ಎಂಬ ಪದ.

ಕೋಲಾರಕ್ಕೆ ಜೀವನದಿಯಿಲ್ಲ. ಗಂಗರ ಕಾಲದ ಕುವಲಾಲದಿಂದ ಮೊದಲುಗೊಂಡು ಈ ಸೀಮೆಯು ಮಳೆಯ ನೀರನ್ನು ಸಾಲುಕೆರೆಗಳಲ್ಲಿ ಹಿಡಿದು ಬದುಕಿದೆ. ಮೇಲಣ ಕೆರೆ ಕೋಡಿ ಬಿದ್ದರೆ ಕೆಳಗಣ ಕೆರೆಗೆ ನೀರು. ಇಂತಹ ಕೆರೆಗಳನ್ನು ಕುರಿತ ಶಾಸನಗಳ ರಚನೆಯು ಗಮನಿಸತಕ್ಕದ್ದಾಗಿದೆ. ಅರಸನ ಬಿರುದಾವಳಿಯ ಭಾಗವು ಮುಗಿದೊಡನೆ ಮಾತು ಥಟ್ಟನೆ ನೆಲಕ್ಕಿಳಿಯುತ್ತದೆ. ಕಟ್ಟಿಸಿದವನು ಯಾರು, ಅವನಿಗೆ ಸಂದ ಗದ್ದೆ ಯಾವುದು, ಅದರ ಎಲ್ಲೆಗಳೆಲ್ಲಿ, ತಪ್ಪಿ ನಡೆದವನಿಗೆ ಯಾವ ಪಾಪ ಎಂಬಿವು ಅನುಕ್ರಮವಾಗಿ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ ಕೆರೆಯ ಕೆಳಗಣ ಭೂಮಿಯನ್ನು ಮಾನ್ಯವಾಗಿ ಬಿಡುವುದೇ ಕಟ್ಟುಕೊಡಗೆ. ಇದಕ್ಕೂ ಹಿಂದಿನ ‘ಬಿತ್ತುವಟ್ಟ’ವು ಇದೇ ಅರ್ಥದ ಛಾಯೆಯುಳ್ಳದ್ದು.

ಈ ಪದದಲ್ಲಿ ಅಡಗಿರುವ ವಿಚಾರ ಸಾಮಾನ್ಯವಾದದ್ದಲ್ಲ. ಕೆರೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಹೂಳು ತುಂಬುತ್ತದೆ, ಏರಿ ಬಿರಿಯುತ್ತದೆ, ತೂಬು ಸವೆಯುತ್ತದೆ. ಆದುದರಿಂದ ಕಟ್ಟುವ ದಿನವೇ ದುರಸ್ತಿಯ ಚಿಂತೆಯೂ ಆಗಬೇಕು. ದುರಸ್ತಿಗೆ ಹೊಣೆಯಾದವನಿಗೆ ಆ ಕೆರೆಯ ಫಲದಲ್ಲಿಯೇ ಪಾಲಿರಬೇಕು. ಹೊಣೆ ಮತ್ತು ಪಾಲು ಒಂದೇ ಪದದಲ್ಲಿ ಕೂಡಿರುವುದೇ ಕಟ್ಟುಕೊಡಗೆಯ ವಿಶೇಷ.

ಹಾಗೆಂದು ಶಾಸನಗಳ ಕಾಲವು ಧರ್ಮರಾಜ್ಯವಾಗಿತ್ತೆಂದು ಭಾವಿಸುವುದು ತಪ್ಪು. ಏರಿಗೆ ಮಣ್ಣು ಹೊತ್ತವರ ಹೆಸರನ್ನು ಕಲ್ಲು ಹೇಳುವುದು ಅಪೂರ್ವ. ಈ ಸೀಮೆಯಲ್ಲಿ ತೂಬನ್ನು ತೆಗೆದು ಮುಚ್ಚಿ ಗದ್ದೆಗದ್ದೆಗೂ ನೀರನ್ನು ಹಂಚುತ್ತಿದ್ದ ನೀರುಗಂಟಿಯು ಬಹುಮಟ್ಟಿಗೆ ಅಸ್ಪೃಶ್ಯವೆಂದು ದೂರವಿಟ್ಟ ಕುಲಗಳವನು. ಊರಿನ ನೀರಿನ ನ್ಯಾಯವೆಲ್ಲ ಅವನ ಕೈಯಲ್ಲಿತ್ತು. ಆದರೆ ಊರಿನ ಬಾವಿಯ ನೀರು ಅವನಿಗೆ ಸಲ್ಲುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಆ ಕಟ್ಟನ್ನು ಬಿಡಿಸಿತು. ಅದು ನ್ಯಾಯವೇ ಸರಿ. ಆದರೆ ಹುದ್ದೆಯೊಡನೆ ಹೊಣೆಯೂ ಅಳಿಯಿತು; ತೂಬನ್ನು ಕಾಯುವುದು ಯಾರ ಕೆಲಸವೂ ಅಲ್ಲದಂತಾಯಿತು. ಹಳೆಯ ಏರ್ಪಾಟಿನ ಅನ್ಯಾಯವನ್ನು ಕಳೆದು ಅದರ ವಿವೇಕವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಅಂದಿನಿಂದ ಹಾಗೆಯೇ ಉಳಿದಿದೆ.

ಇನ್ನು ಗಣಿಯ ಬರವಣಿಗೆಯನ್ನು ನೋಡಬಹುದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಗೆ ಬಂದಂದಿನಿಂದ ಬಿಳಿಯ ಒಡೆಯರು, ಮೈಸೂರು ಸರ್ಕಾರ, ಕೇಂದ್ರ ಸರ್ಕಾರ ಎಂದು ಯಜಮಾನ್ಯವು ಕೈಯಿಂದ ಕೈಗೆ ಹೋಯಿತು: 1956ರಲ್ಲಿ ರಾಷ್ಟ್ರೀಕರಣ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಸ್ಥಾಪನೆ, 2001ರ ಫೆಬ್ರವರಿ 28ರಂದು ಗಣಿಯ ಮುಚ್ಚುಗಡೆ. ಈ ಅವಧಿಯಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ವಿದ್ಯುತ್ತು ಗಣಿಗೆ ಬಂದ ಮೂರು ವರ್ಷಕ್ಕೆ ಬೆಂಗಳೂರಿಗೆ ಬಂದಿತು. ಗಣಿಯ ಸುತ್ತಣ ಹಳ್ಳಿಗಳು ಅದಕ್ಕಾಗಿ ದಶಕಗಳು ಕಾಯಬೇಕಾಯಿತು. ಈ ಲೆಕ್ಕಗಳಲ್ಲಿ ತೆಗೆದದ್ದು ತೂಕಕ್ಕೆ ತೂಕ ದಾಖಲಾಗಿದೆ. ತೆಗೆದ ಮೇಲೆ ಉಳಿಯುವುದಕ್ಕೆ ಯಾರು ಹೊಣೆ ಎಂಬ ವಾಕ್ಯವಿಲ್ಲ. ಆ ಇಲ್ಲದ ವಾಕ್ಯವೇ ಇಂದು ಸಯನೈಡ್ ದಿಬ್ಬಗಳಾಗಿ ಊರಿನ ನಡುವೆ ನಿಂತಿದೆ. ಬೇಸಗೆಯ ಗಾಳಿಗೆ ಅವುಗಳ ಧೂಳು ಲೈನುಮನೆಗಳ ಮೇಲೆ ಬೀಳುತ್ತದೆ. ಗಣಿಯಿದ್ದಾಗ ಹೊರಗಿನಿಂದ ಕೂಲಿಯನ್ನು ತಂದ ಮಾರಿಕುಪ್ಪಂ–ಬಂಗಾರಪೇಟೆಯ ರೈಲುದಾರಿಯು ಈಗ ದಿನದಿನವೂ ಸಾವಿರಾರು ಮಂದಿಯನ್ನು ಕೆಲಸಕ್ಕಾಗಿ ಬೆಂಗಳೂರಿಗೆ ಕರೆದೊಯ್ಯುತ್ತಿದೆ.

ಆದರೆ ಗಣಿಯ ಚರಿತ್ರೆ ಕಂಪೆನಿಯ ಲೆಕ್ಕಗಳಲ್ಲಿಯೇ ಮುಗಿಯುವುದಿಲ್ಲ. ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ, ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕೆಲಸಗಾರರನ್ನು ಕುರಿತ ಇಂಗ್ಲಿಷ್ ಗ್ರಂಥದ ಹಿರಿಮೆಯೆಂದರೆ, ದುಡಿದವರನ್ನು ಅದು ಕರ್ತೃಸ್ಥಾನದಲ್ಲಿ ನಿಲ್ಲಿಸಿದೆ. ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳನ್ನು ಕಟ್ಟಿಕೊಂಡರು. ಅಯೋತ್ತಿದಾಸ ಪಂಡಿತರ ವಿಚಾರಗಳನ್ನು ಓದಿ ಚರ್ಚಿಸಿದರು. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಸಾವಿರಾರು ಮಂದಿ ಕೆಲಸವನ್ನು ನಿಲ್ಲಿಸಿದರು. ಈ ಸೀಮೆಯಲ್ಲಿ ‘ಸಾಮಾಜಿಕ ನಾವೀನ್ಯ’ವೆಂಬ ಹೆಸರಿಗೆ ಸಲ್ಲುವುದೇನಾದರೂ ನಡೆದಿದ್ದರೆ ಅದು ಇದೇ. ಯಾವ ಯೋಜನೆಯೂ ಅದನ್ನು ಬಯಸಿರಲಿಲ್ಲ.

2018ರಲ್ಲಿಯೂ 2022ರಲ್ಲಿಯೂ ತೆರೆಗೆ ಬಂದ ‘ಕೆ.ಜಿ.ಎಫ್.’ ಚಲಚ್ಚಿತ್ರಗಳು ಈ ಊರಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದುವು. ಅವುಗಳ ನರಾಚಿ ಗಣಿಯು ಕಲ್ಪಿತ, ಕಲ್ಪನೆಯೆಂಬುದು ದೋಷವಲ್ಲ. ದೋಷವಿರುವುದು ಕಥೆಯ ಕಟ್ಟಿನಲ್ಲಿ. ಅಲ್ಲಿ ದುಡಿಯುವ ಜನ ಮೂಕ ಸಮೂಹ. ಬಿಡುಗಡೆಯು ಮುಂಬಯಿಯಿಂದ ಬಂದ ಒಬ್ಬ ವೀರನ ತೋಳಿನಿಂದ ಆಗಬೇಕು. ಸಂಘ ಕಟ್ಟಿದ, ಓದಿದ, ಕೆಲಸ ನಿಲ್ಲಿಸಿದ ಜನರಿಗೆ ಆ ಕಥೆಯಲ್ಲಿ ಸ್ಥಾನವಿಲ್ಲ. ವಿಚಿತ್ರವೆಂದರೆ ಅಭಿವೃದ್ಧಿಯ ವರದಿಗಳ ಕಥನವೂ ಇದನ್ನೇ ಹೋಲುತ್ತದೆ. ವೀರನ ಸ್ಥಾನದಲ್ಲಿ ಯೋಜನೆಯಿದೆ, ಜನರು ‘ಫಲಾನುಭವಿಗಳು’.

ಈ ಮಾತಿಗೆ ಈಚಿನ ನಿದರ್ಶನವೊಂದು ಸಾಕು. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಏರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯು 2018ರಲ್ಲಿ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರು ನೀರು, 126 ಕೆರೆಗಳು ಎಂಬುದು ಅದರ ಸಂಕಲ್ಪ. ಬಹುಕಾಲ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು, ಅಂತರ್ಜಲವೂ ಮೇಲೆದ್ದಿತು. ಇದನ್ನು ಅಲ್ಲಗಳೆಯುವುದು ಅಸಾಧು. ಇನ್ನೊಂದು ಹಂತದ ಶುದ್ಧೀಕರಣ ಬೇಕೆಂಬ ವಾದವೂ ಉಂಟು; ಅದು ಗಂಭೀರವಾದದ್ದೇ. ಆದರೆ ಕಟ್ಟುಕೊಡಗೆಯ ದೃಷ್ಟಿಯಿಂದ ಏಳುವ ಪ್ರಶ್ನೆ ಬೇರೆ. ಈ ನೀರು ಇಂಗುವುದಕ್ಕಾಗಿ ಮಾತ್ರ. ಇದನ್ನು ತೂಬಿನಿಂದ ಗದ್ದೆಗೆ ಬಿಡುವಂತಿಲ್ಲ. ತೂಬು ಮುಚ್ಚಿರುವವರೆಗೆ ಹಂಚಿಕೆಯೂ ಮುಚ್ಚಿದಂತೆಯೇ. ನೆಲದೊಳಗೆ ಇಳಿದ ನೀರನ್ನು ಮೇಲೆತ್ತಬಲ್ಲವನು ಆಳವಾದ ಕೊಳವೆಬಾವಿಯುಳ್ಳವನು. ಭೂಮಿಯಿಲ್ಲದವನೂ ಬಾವಿ ಬತ್ತಿದ ಬಡ ಒಕ್ಕಲಿಗನೂ ತುಂಬಿದ ಕೆರೆಯನ್ನು ದಡದಿಂದ ನೋಡಬೇಕಾಗುತ್ತದೆ. ಇದಕ್ಕೆ ಮುನ್ನ, 2002ರಿಂದ, ವಿಶ್ವಬ್ಯಾಂಕಿನ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತ್ತು. ಉದ್ದೇಶವೇನೋ ಸರಿಯಾದದ್ದೇ. ಆದರೆ ಯೋಜನೆಯ ಹಣ ಮುಗಿದ ಮೇಲೂ ಸಂಘವು ಬಾಳಬೇಕಾದರೆ ಕೆರೆಯ ಮೀನು, ಮರ, ಹೂಳುಗಳ ವರಮಾನದಲ್ಲಿ ಅದಕ್ಕೆ ಸ್ಥಿರವಾದ ಹಕ್ಕಿರಬೇಕು. ಪಾಲಿಲ್ಲದ ಹೊಣೆ ಬಿಟ್ಟಿಯಾಗುತ್ತದೆ. ಹೊಣೆಯಿಲ್ಲದ ಪಾಲು ಸುಲಿಗೆಯಾಗುತ್ತದೆ.

ಹಾಗಾದರೆ ಈ ಕಾಲದಲ್ಲಿ ಕಟ್ಟುಕೊಡಗೆಯ ತತ್ತ್ವ ನಡೆಯಲಾರದೆ? ನಡೆಯಬಲ್ಲದೆಂಬುದಕ್ಕೆ ಬಂಗಾರಪೇಟೆಯ ಸುತ್ತಣ ಹಳ್ಳಿಗಳ ಹಾಲಿನ ಡೇರಿಯೇ ಸಾಕ್ಷಿ. ಹಸುವನ್ನು ಮೇಯಿಸಿದವರೇ ಬೆಳಗೂ ಸಂಜೆಯೂ ಹಾಲನ್ನು ಅಳೆದು ಕೊಡುತ್ತಾರೆ. ಹಾಲಿನ ಗುಣವನ್ನು ನೋಡಿ ಹಣ ಸಲ್ಲುತ್ತದೆ. ಸಂಘದ ಸದಸ್ಯರು ಅವರೇ. ಗಣಿ ಮುಚ್ಚಿತು, ಕೆರೆ ಬತ್ತಿತು, ಆದರೂ ಡೇರಿಯ ಬಾಗಿಲು ಮುಚ್ಚಲಿಲ್ಲ. ಅಲ್ಲಿಯೂ ಕುಂದುಗಳಿವೆ. ಹಸುವಿನ ಆರೈಕೆ ಬಹುಪಾಲು ಹೆಂಗಸರದು. ಪುಸ್ತಕದಲ್ಲಿ ಹೆಸರು ಎಷ್ಟೋ ವೇಳೆ ಗಂಡಸಿನದು. ಮಣ್ಣು ಹೊತ್ತವರ ಹೆಸರು ಕಲ್ಲಿನಲ್ಲಿಲ್ಲದ ಹಳೆಯ ದೋಷವೇ ಇದು. ಆದರೂ ಆರೈಕೆಗೂ ಆದಾಯಕ್ಕೂ ಸಂಬಂಧವು ಕಡಿದಿಲ್ಲವಾದ್ದರಿಂದ ಸಂಸ್ಥೆಯು ಬಾಳಿದೆ.

ಆದುದರಿಂದ ಪುನರುಜ್ಜೀವನದ ಯಾವ ಬರವಣಿಗೆಯನ್ನಾದರೂ ಓದುವಾಗ ಮೂರು ಸಂಗತಿಗಳನ್ನು ಹುಡುಕಬೇಕು: ನಾಳೆಯ ದುರಸ್ತಿ ಯಾರದು, ಅವರ ಪಾಲೇನು, ಅವರ ಹೆಸರು ಎಲ್ಲಿದೆ. ಶಾಸನಗಳು ಮೊದಲೆರಡಕ್ಕೆ ಉತ್ತರ ಕೊಟ್ಟು ಮೂರನೆಯದರಲ್ಲಿ ಬಹುಮಟ್ಟಿಗೆ ಸೋತವು. ಗಣಿಯ ಲೆಕ್ಕಗಳು ಮೂರಕ್ಕೂ ಮೌನ. ಶಾಸನಪಾಠವನ್ನು ಹೇಳುವ ಅಧ್ಯಾಪಕರು ಕಟ್ಟುಕೊಡಗೆಗೆ ‘ಕೆರೆ ಕಟ್ಟಿದವನಿಗೆ ಬಿಟ್ಟ ಮಾನ್ಯ’ ಎಂದು ಅರ್ಥ ಬರೆಯಿಸಿ ಮುಂದೆ ಸಾಗುವುದು ವಾಡಿಕೆ. ಅರ್ಥ ಸರಿಯಾದದ್ದೇ. ಆದರೆ ಪಾಠವನ್ನು ಕೇಳುವ ಹುಡುಗನ ತಂದೆ ಮಾರಿಕುಪ್ಪಂನ ಮೊದಲ ರೈಲಿಗೆ ಬೆಂಗಳೂರಿಗೆ ಹೋಗಿರಬಹುದು. ಆ ಪದವು ತನ್ನ ಸೀಮೆಗೆ ಇನ್ನೂ ಸಲ್ಲಬೇಕಾದ ಬಾಕಿಯ ಹೆಸರೆಂದು ಆ ಹುಡುಗನಿಗೆ ತಿಳಿದಾಗಲೇ ಪಾಠವು ಪೂರ್ತಿಯಾಗುವುದು.