ವೀರಗಲ್ಲೂ ಭಯಾನಕ ಚಲಚ್ಚಿತ್ರವೂ

ಬಾಣಾವರವು ಅರಸೀಕೆರೆಗೂ ಬೀರೂರಿಗೂ ನಡುವೆ ರೈಲುದಾರಿಯಲ್ಲಿರುವ ಊರು. ಅರಸೀಕೆರೆ, ಹಳೇಬೀಡು, ಬೇಲೂರುಗಳನ್ನೊಳಗೊಂಡ ಈ ಹೊಯ್ಸಳ ಸೀಮೆಯು ವೀರಗಲ್ಲುಗಳ ಸೀಮೆಯೂ ಹೌದು. ಈ ಕಲ್ಲುಗಳ ರಚನಾಕ್ರಮವು ಸಾಮಾನ್ಯವಾಗಿ ಒಂದೇ ಬಗೆಯದು: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಮಡಿದ ಭಟನನ್ನು ಅಪ್ಸರೆಯರು ಮೇಲಕ್ಕೊಯ್ಯುವುದು, ಮೇಲಣದರಲ್ಲಿ ಅವನು ದೇವಸನ್ನಿಧಿಯನ್ನು ಸೇರಿರುವುದು. ಭಟನ ಭಯಕ್ಕೆ ಇಲ್ಲಿ ಎಡೆಯೇ ಇಲ್ಲ. ಇದಕ್ಕೆ ನೇರವಾಗಿ ಎದುರಾದ ಒಂದು ಕಲಾಪ್ರಕಾರವು ಕಳೆದ ನಾಲ್ಕು ದಶಕಗಳಲ್ಲಿ ಪರದೇಶಗಳ ತೆರೆಯ ಮೇಲೆ ಬೆಳೆದುಬಂದಿದೆ. ಸೈನಿಕರನ್ನೇ ಪಾತ್ರಗಳನ್ನಾಗಿ ಉಳ್ಳ ಭಯಾನಕ ಚಲಚ್ಚಿತ್ರವೇ ಅದು. ಕಲ್ಲಿನಲ್ಲಿ ಅಂಜದ ಭಟನು ತೆರೆಯ ಮೇಲೆ ಅಂಜುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಭರತಮುನಿಯು ಉತ್ಸಾಹವನ್ನು ಉತ್ತಮಪ್ರಕೃತಿಗೆ ಸೇರಿದ ಭಾವವೆಂದೂ, ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಲ್ಲುವುದೆಂದೂ ವಿಭಾಗಿಸಿದನು. ಈ ಮತದಂತೆ ನೋಡಿದರೆ ಅಂಜುವ ಸೈನಿಕನು ನಗೆಗೀಡಾಗಬೇಕೇ ಹೊರತು ಭಯಾನಕಕ್ಕೆ ಆಶ್ರಯನಾಗಲಾರನು. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂಬ ಅವನ ಮತ್ತೊಂದು ಮಾತನ್ನು ಹಿಡಿದು, ಇಂತಹ ಚಿತ್ರಗಳು ರಕ್ತಮಾಂಸಗಳ ಪ್ರದರ್ಶನವಷ್ಟೇ ಎಂದು ತಳ್ಳಿಬಿಡುವುದೂ ಸುಲಭ. ಆದರೆ ಅದೇ ನಾಟ್ಯಶಾಸ್ತ್ರವು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ವ್ಯಾಜದಿಂದ ತೋರುವುದು, ವಿತ್ರಾಸದಿಂದ ಉಂಟಾಗುವುದು, ಅಪರಾಧದಿಂದ ಹುಟ್ಟುವುದು. ಈ ಕೊನೆಯ ಬಗೆಯೇ ಪ್ರಕೃತ ವಿಷಯಕ್ಕೆ ಬೀಗದ ಕೈ. ಅಪರಾಧಜನ್ಯವಾದ ಭಯಕ್ಕೆ ಉತ್ತಮ ನೀಚರೆಂಬ ಭೇದವಿಲ್ಲ; ಶೌರ್ಯವು ಅದಕ್ಕೆ ಕವಚವೂ ಆಗದು.

ಕನ್ನಡದಲ್ಲಿ ಇದನ್ನು ಕಂಡುಕೊಂಡವನು ಹತ್ತನೆಯ ಶತಮಾನದ ರನ್ನ. ಗದಾಯುದ್ಧದಲ್ಲಿ ದುರ್ಯೋಧನನು ಶರಶಯ್ಯೆಯ ಭೀಷ್ಮನನ್ನು ಕಾಣಲು ಸಂಜಯನೊಡನೆ ರಣಭೂಮಿಯನ್ನು ಹಾದುಹೋಗುತ್ತಾನೆ. ಹೆಣಗಳ ರಾಶಿಯ ನಡುವೆ ಮರುಳುಗಳು ಅವನನ್ನು ಹಂಗಿಸುತ್ತವೆ. ಮರುಳೆಂದರೆ ಪಿಶಾಚಿಯೂ ಹೌದು, ಬುದ್ಧಿಭ್ರಮಣೆಯೂ ಹೌದು. ಈ ಎರಡು ಅರ್ಥಗಳ ನಡುವೆ ಕವಿಯು ರಾಜನನ್ನು ನಿಲ್ಲಿಸುತ್ತಾನೆ. ದುರ್ಯೋಧನನು ಹೇಡಿಯಲ್ಲ. ಆದರೂ ಈ ಪ್ರಸಂಗವು ಓದುವವನ ಮೈ ನಡುಗಿಸುವುದಕ್ಕೆ ಕಾರಣವೇನೆಂದರೆ, ಅಲ್ಲಿ ಬಿದ್ದಿರುವ ದ್ರೋಣ, ಕರ್ಣ, ದುಶ್ಶಾಸನ, ಲಕ್ಷಣಕುಮಾರರ ದೇಹಗಳು ಅವನ ಛಲದ ಫಲಗಳು. ಮರುಳುಗಳು ಹೊರಗಿನಿಂದ ಬಂದವಲ್ಲ. ಅವನ ಕೃತಿಯೇ ಅವುಗಳನ್ನು ಅಲ್ಲಿಗೆ ಕರೆದಿತ್ತು.

ಈ ಒರೆಗಲ್ಲಿನಲ್ಲಿ ಮೂರು ಕೃತಿಗಳನ್ನು ತಿಕ್ಕಿ ನೋಡಬಹುದು. ಜೇಮ್ಸ್ ಕ್ಯಾಮರಾನನ ‘ಏಲಿಯನ್ಸ್’ (1986) ಚಿತ್ರದಲ್ಲಿ ಮೆರೀನ್ ಪಡೆಯೊಂದು ದೂರದ ಗ್ರಹದ ವಸಾಹತನ್ನು ರಕ್ಷಿಸಲು ಹೋಗುತ್ತದೆ. ಹೊರಡುವಾಗ ಅವರಲ್ಲಿ ಉತ್ಸಾಹವು ಬಡಾಯಿಯ ಮಟ್ಟಕ್ಕೆ ಏರಿರುತ್ತದೆ. ಆದರೆ ವೈರಿಯ ಗೂಡನ್ನು ಹೊಕ್ಕಾಗ, ಅಲ್ಲಿನ ಯಂತ್ರಾಗಾರಕ್ಕೆ ಅಪಾಯವಾದೀತೆಂದು ಅವರ ಬಂದೂಕಿನ ಗುಂಡುಗಳನ್ನೇ ಹಿಂದಕ್ಕೆ ಪಡೆಯಲಾಗುತ್ತದೆ. ಬಡಾಯಿಯ ಹಡ್ಸನನು ಕೆಲವೇ ಗಳಿಗೆಗಳಲ್ಲಿ ಧೃತಿಗೆಡುತ್ತಾನೆ. ವಿಯಟ್ನಾಮ್ ಯುದ್ಧದಲ್ಲಿ ಯಂತ್ರಬಲವುಳ್ಳ ಸೈನ್ಯವು ಕಂಗೆಟ್ಟುದನ್ನು ನಿರ್ದೇಶಕನು ಮನಸ್ಸಿನಲ್ಲಿಟ್ಟುಕೊಂಡಿದ್ದನು. ಆದರೂ ಅಪರಾಧವು ಇಲ್ಲಿ ಆ ವಾಣಿಜ್ಯಸಂಸ್ಥೆಯದು, ಸೈನಿಕರದಲ್ಲ. ಆದುದರಿಂದ ಚಿತ್ರವು ಭಯದಿಂದ ತೊಡಗಿ, ರಿಪ್ಲಿ ಎಂಬ ಸ್ತ್ರೀಯ ಸಾಹಸದಲ್ಲಿ, ಎಂದರೆ ವೀರದಲ್ಲಿಯೇ ಮುಗಿಯುತ್ತದೆ. ಭಯವನ್ನು ಸ್ತ್ರೀಪ್ರಕೃತಿಯೆಂದ ಲಾಕ್ಷಣಿಕ ನಿಯಮವು ಇಲ್ಲಿ ತಲೆಕೆಳಗಾಗಿರುವುದು ಗಮನಾರ್ಹವಾದುದು.

ಕೊರಿಯಾದ ಕಾಂಗ್ ಸು-ಚಾಂಗನ ‘ಆರ್-ಪಾಯಿಂಟ್’ (2004) ಇದಕ್ಕಿಂತ ಆಳವಾದ ಕೃತಿ. ಕಥೆ ನಡೆಯುವುದು 1972ರ ವಿಯಟ್ನಾಮಿನಲ್ಲಿ. ದಕ್ಷಿಣ ಕೊರಿಯಾವು ಅಮೆರಿಕದ ಪಕ್ಷದಲ್ಲಿ ಆ ಯುದ್ಧಕ್ಕೆ ಮೂರು ಲಕ್ಷಕ್ಕೂ ಮಿಕ್ಕ ಯೋಧರನ್ನು ಕಳುಹಿಸಿತ್ತು. ತಿಂಗಳುಗಳ ಹಿಂದೆಯೇ ಸತ್ತರೆಂದು ತಿಳಿದ ತುಕಡಿಯೊಂದರಿಂದ ರೇಡಿಯೋ ಕರೆ ಬರುತ್ತಿರುತ್ತದೆ. ಅವರನ್ನು ಹುಡುಕಲು ಮತ್ತೊಂದು ತುಕಡಿ ಹೊರಡುತ್ತದೆ. ದಾರಿಯಲ್ಲಿ ಅವರು ಹಳೆಯ ಕಲ್ಲೊಂದನ್ನು ಕಾಣುತ್ತಾರೆ. ಕೈಗೆ ರಕ್ತ ಅಂಟಿದವರು ಇಲ್ಲಿಂದ ಮರಳಲಾರರೆಂಬುದು ಅದರ ಬರಹದ ತಾತ್ಪರ್ಯ. ವೀರಗಲ್ಲಿಗೆ ಇದಕ್ಕಿಂತ ಸ್ಪಷ್ಟವಾದ ಪ್ರತಿವಚನವಿರಲಾರದು. ಒಂದು ಕಲ್ಲು ಭಟನನ್ನು ಸ್ವರ್ಗಕ್ಕೆ ಏರಿಸುತ್ತದೆ. ಇನ್ನೊಂದು ಮನೆಗೂ ಮರಳಗೊಡದು. ಚಿತ್ರದಲ್ಲಿ ಪ್ರೇತವು ಕಾಣಿಸಿಕೊಳ್ಳುವುದು ಸ್ವಲ್ಪ. ಸೈನಿಕರು ಸಾಯುವುದು ಬಹುಮಟ್ಟಿಗೆ ತಮ್ಮವರ ಗುಂಡಿನಿಂದಲೇ. ಭಯವು ಬೀಭತ್ಸದ ನೆರವನ್ನು ಬೇಡದೆ ಅಪರಾಧದ ಅರಿವಿನಿಂದಲೇ ಬೆಳೆಯುವುದು ಈ ಕೃತಿಯ ಹೆಚ್ಚಳ.

ಭಾರತದ ‘ಬೇತಾಳ್’ (2020) ಎಂಬ ಹಿಂದಿ ಧಾರಾವಾಹಿಯು ನಾಲ್ಕು ಭಾಗಗಳುಳ್ಳುದು. ಹೆದ್ದಾರಿಗಾಗಿ ಕಾಡಿನ ಹಳ್ಳಿಯನ್ನು ತೆರವು ಮಾಡಿಸಲು ಬಂದ ಪಡೆಯನ್ನು, ಸುರಂಗದಲ್ಲಿ ಹೂತುಹೋಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೆಂಪಂಗಿಯ ಪ್ರೇತಸೈನ್ಯವು ಎದುರಿಸುತ್ತದೆ. ಅಂದಿನ ದಂಡೂ ಇಂದಿನ ಪಡೆಯೂ ಒಂದೇ ಕೆಲಸಕ್ಕೆ ಬಂದವೆಂಬ ಕಲ್ಪನೆಯು ಶಕ್ತವಾದುದು. ನಾಯಕನ ಹಿಂದಣ ಪಾತಕವೂ ಅದಕ್ಕೆ ಹೊಂದಿಕೊಂಡಿದೆ. ಆದರೆ ಧ್ವನಿಯಾಗಬೇಕಾದುದನ್ನು ಇಲ್ಲಿ ಪಾತ್ರಗಳು ಬಾಯಿಬಿಟ್ಟು ಹೇಳುತ್ತವೆ. ಉಳಿದ ತೆರಪನ್ನು ಬೀಭತ್ಸವು ತುಂಬುತ್ತದೆ. ಬೀಜವು ಒಳ್ಳೆಯದಾದರೂ ಬೆಳೆ ಸೊರಗಿತು.

ಇದಕ್ಕೆ ಒಂದು ಆಕ್ಷೇಪವುಂಟು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಕುವರ ಲಕ್ಷ್ಮನ ಸ್ತಂಭದಲ್ಲಿ, ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನೊಡನೆ ಪ್ರಾಣಬಿಟ್ಟ ಗರುಡರು ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುವ ಶಿಲ್ಪಗಳಿವೆ. ನೋಟವು ಭಯಂಕರವಾದುದು, ಆದರೂ ಶಿಲ್ಪಿಯು ಅದನ್ನು ವೀರವೆಂದೇ ಕಡೆದನು. ಹಾಗಾದರೆ ರಸಭೇದವು ಕೇವಲ ನೋಡುವವನ ಕಾಲಧರ್ಮವಲ್ಲವೆ? ಅಲ್ಲ. ಆ ಭಟರು ಕೊಟ್ಟ ಭಾಷೆಗೆ ತಮ್ಮ ರಕ್ತವನ್ನೇ ತೆತ್ತರು. ತುರುಗೊಳಿನಲ್ಲಿಯೂ ಊರಳಿವಿನಲ್ಲಿಯೂ ಮಡಿದವರು ತಮ್ಮ ಊರಿಗಾಗಿ ತೆತ್ತರು. ಪರನೆಲದಲ್ಲಿ ಪರರ ರಕ್ತವನ್ನು ಚೆಲ್ಲಿದವನಿಗೆ ಹೀಗೆ ಹೇಳಿಕೊಳ್ಳುವ ಕಾರಣವಿಲ್ಲ. ದೃಶ್ಯವು ಒಂದೇ ಆದರೂ ಕಾರಣವು ಬೇರೆಯಾದರೆ ರಸವೂ ಬೇರೆಯಾಗುತ್ತದೆ.

ಕನ್ನಡ ಚಲಚ್ಚಿತ್ರವು ‘ಮುತ್ತಿನ ಹಾರ’ದಲ್ಲಿ (1990) ಸೈನಿಕನನ್ನು ಕರುಣಕ್ಕೂ, ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ಪ್ರೇತವನ್ನು ಸಂಸಾರಕ್ಕೂ ಒಪ್ಪಿಸಿತು. ಇವೆರಡನ್ನೂ ಕೂಡಿಸುವ ದಾರಿಯನ್ನು ಪರದೇಶದಿಂದ ಎರವು ತರಬೇಕಾಗಿಲ್ಲ. ರನ್ನನ ಮರುಳುಗಳು ಸಾವಿರ ವರ್ಷದಿಂದ ರಣಭೂಮಿಯಲ್ಲಿ ಕಾದಿವೆ. ವೀರಗಲ್ಲು ಹೇಳದೆ ಬಿಟ್ಟುದನ್ನು ಹೇಳುವುದೇ ಅವುಗಳ ಕೆಲಸ. ಉತ್ತಮವಾದ ಸೈನಿಕ ಭಯಾನಕ ಚಿತ್ರದ ಕೆಲಸವೂ ಅದೇ.