ಮನೆಗೆ ಬಂದ ನಾಗವಲ್ಲಿ

ಟಾಕೀಸಿನಲ್ಲಿ ನೋಡಿದ ಸಿನಿಮಾವೇ ಬೇರೆ, ಮನೆಯಲ್ಲಿ ನೋಡಿದ ಸಿನಿಮಾವೇ ಬೇರೆ. ಟಾಕೀಸಿನಲ್ಲಿ ಕತ್ತಲೆಯಿರುತ್ತದೆ, ಶಿಳ್ಳೆಯಿರುತ್ತದೆ, ನಾಯಕ ಬಂದ ಕೂಡಲೇ ಎದ್ದು ಕುಣಿಯುವ ಹುಡುಗರಿರುತ್ತಾರೆ. ಆ ಗದ್ದಲದಲ್ಲಿ ಕಥೆಯ ತೂತುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನೋಡುವ ಹೆಂಗಸಿಗೆ ಮಾತ್ರ ಅವೆಲ್ಲ ಒಂದೊಂದಾಗಿ ಕಾಣುತ್ತವೆ. ‘ಆಪ್ತರಕ್ಷಕ’ವನ್ನು ನಾನು ತೂಗಿದ್ದು ಈ ಎರಡನೆಯ ತಕ್ಕಡಿಯಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಮನೆಯಲ್ಲಿ ಸಿನಿಮಾ ನೋಡುವ ಸಡಗರ ಶುರುವಾದದ್ದು ಬಾಡಿಗೆಯ ವಿಸಿಪಿಯಿಂದ. ಮದುವೆಗೋ ಹಬ್ಬಕ್ಕೋ ಟಿ.ವಿ. ಸಮೇತ ತಂದು, ಅಂಗಳದಲ್ಲಿಟ್ಟು, ಓಣಿಯವರೆಲ್ಲ ಬೆಳಗಿನ ತನಕ ನೋಡುತ್ತಿದ್ದೆವು. ಆಮೇಲೆ ಸಿ.ಡಿ. ಬಂತು. ವಿ.ಸಿ.ಡಿ.ಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ತಟ್ಟೆ. ಮೊದಲನೆಯದು ಮುಗಿದು ಎರಡನೆಯದನ್ನು ಹಾಕುವಷ್ಟರಲ್ಲಿ ಅನ್ನಕ್ಕೆ ಇಟ್ಟು ಬರಬಹುದಿತ್ತು. ನಮ್ಮಂಥವರಿಗೆ ಅದೇ ಇಂಟರ್‌ವಲ್ಲು.

ಮೊದಲು ಬಂದದ್ದು ‘ಆಪ್ತಮಿತ್ರ’, 2004ರ ಆಗಸ್ಟಿನಲ್ಲಿ. ಮಲಯಾಳದ ‘ಮಣಿಚಿತ್ರತಾಳ್’ (1993) ಎಂಬ ಚಿತ್ರವೇ ಅದಕ್ಕೆ ಮೂಲ. ಅದರ ಮುಂದುವರಿಕೆ ‘ಆಪ್ತರಕ್ಷಕ’, 2010ರ ಫೆಬ್ರವರಿಯಲ್ಲಿ. ಎರಡನ್ನೂ ನಿರ್ದೇಶಿಸಿದವರು ಪಿ. ವಾಸು. ಮೊದಲನೆಯದು ತೆರೆ ಕಾಣುವ ಮುನ್ನ, 2004ರ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ಹೋದರು. ಎರಡನೆಯದು ಬರುವ ಮುನ್ನ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಹೃದಯಾಘಾತದಿಂದ ತೀರಿಕೊಂಡರು. ಆಗ ಊರೂರಲ್ಲಿ ಹುಟ್ಟಿದ ಮಾತು, “ಎಲ್ಲಾ ನಾಗವಲ್ಲಿ ಕಾಟ” ಎಂದು. ಓದಿದವರ ಮನೆಗಳಲ್ಲೂ ಈ ಮಾತು ಕೇಳಿದ್ದೇನೆ. ವಿಮಾನ ಬಿದ್ದರೂ ಎದೆ ನಿಂತರೂ ತಪ್ಪು ಒಬ್ಬ ಹೆಂಗಸಿನದು, ಅದೂ ಕಥೆಯಲ್ಲಿರುವ ಹೆಂಗಸಿನದು!

ಜಾತ್ರೆಯ ಅಂಗಡಿಯೊಂದರಿಂದ ನಮ್ಮ ಮನೆಗೆ ಬಂದದ್ದು ‘ಒಂದರಲ್ಲೇ ಐದು ಸಿನಿಮಾ’ ಎಂಬ ಡಿ.ವಿ.ಡಿ. ಒಂದು ಸಿನಿಮಾದ ಜಾಗದಲ್ಲಿ ಐದನ್ನು ತುರುಕಿದರೆ ಏನಾಗಬೇಕೋ ಅದೇ ಆಗಿತ್ತು. ಹಗಲಿನ ದೃಶ್ಯ ಹೇಗೋ ನಡೆಯಿತು. ಕತ್ತಲೆಯ ದೃಶ್ಯದಲ್ಲಿ ಚಿತ್ರ ಚೌಕಚೌಕವಾಗಿ ಒಡೆದು, ದೆವ್ವ ಯಾವುದು, ಬಾಗಿಲು ಯಾವುದು ಗೊತ್ತಾಗಲಿಲ್ಲ. ದೆವ್ವದ ಸಿನಿಮಾದ ಅರ್ಧ ಕೆಲಸ ಕತ್ತಲೆಯದು. ಆ ಕತ್ತಲೆಯೇ ಕೆಟ್ಟರೆ ಭಯ ಹೋಗಿ ನಗೆ ಬರುತ್ತದೆ. ಮುಂದೆ ಟಿ.ವಿ.ಯಲ್ಲಿ ಒಳ್ಳೆಯ ಪ್ರತಿ ನೋಡಿದೆ. ಕತ್ತಲೆ ಸರಿಯಾಗಿತ್ತು, ಕಥೆ ಮಾತ್ರ ಹಾಗೇ ಇತ್ತು.

ಮೆಚ್ಚಬೇಕಾದ್ದನ್ನು ಮೆಚ್ಚಿಯೇ ಮುಂದೆ ಹೋಗುತ್ತೇನೆ. ಇದು ವಿಷ್ಣುವರ್ಧನ್ ಅವರ ಇನ್ನೂರನೆಯ ಚಿತ್ರವೆಂದು ಹೇಳುತ್ತಾರೆ. ಡಾಕ್ಟರ್ ವಿಜಯ್ ಆಗಿ ಎಷ್ಟು ತಣ್ಣಗಿದ್ದಾರೋ, ರಾಜ ವಿಜಯರಾಜೇಂದ್ರ ಬಹದ್ದೂರ್ ಆಗಿ ಅಷ್ಟೇ ಉರಿಯುತ್ತಾರೆ. ಆ ನಡಿಗೆ, ಆ ಕಣ್ಣು, ಆ ‘ಹೌಲಾ ಹೌಲಾ’ ಎಂಬ ಕೂಗು ಇನ್ನೊಬ್ಬರಿಗೆ ಬರುವಂಥದಲ್ಲ. ದೊಡ್ಡ ಹಾವಿನ ಪ್ರಸಂಗಕ್ಕೆ ಮಕ್ಕಳು ಹೆದರಲಿಲ್ಲ, ರಾಜನಿಗೆ ಹೆದರಿದರು.

ತೊಡಕು ಇರುವುದೂ ಅಲ್ಲಿಯೇ. ಮೊದಲ ಚಿತ್ರದಲ್ಲಿ ಗಂಗಾ ಎಂಬ ಹೆಣ್ಣುಮಗಳ ಮನಸ್ಸು ಕಾಯಿಲೆ ಬಿದ್ದಿದೆ. ದೆವ್ವವೆಂದು ಹೊಡೆಯದೆ, ಡಾಕ್ಟರು ಅವಳ ಒಳಗನ್ನು ಅರಿತು, ಅವಳ ಕೈಯಲ್ಲೇ ಬೊಂಬೆಯ ರಾಜನನ್ನು ಕೊಲ್ಲಿಸಿ ಅವಳನ್ನು ಉಳಿಸಿಕೊಳ್ಳುತ್ತಾನೆ. ರಾಜ ಅಲ್ಲಿ ಅಪರಾಧಿ. ಎರಡನೆಯದರಲ್ಲಿ ಮನಸ್ಸಿನ ಮಾತು ಹಿಂದೆ ಸರಿದು ದೆವ್ವ ನಿಜವಾಗಿಬಿಟ್ಟಿದೆ. ರಾಜ ನೂರು ದಾಟಿಯೂ ಬದುಕಿದ್ದಾನೆ. ಅವನ ಕತ್ತಿವರಸೆಗೆ, ಅವನ ಗತ್ತಿಗೆ ಚಪ್ಪಾಳೆ. ಅವನಿಂದ ಪ್ರಿಯಕರನನ್ನೂ ಪ್ರಾಣವನ್ನೂ ಕಳೆದುಕೊಂಡ ನರ್ತಕಿ ಒಂದು ಪಟವಾಗಿ ಗೋಡೆಗೆ ಆತು ನಿಂತು, ಕಂಡವರನ್ನೆಲ್ಲ ಹೆದರಿಸುತ್ತಾಳೆ. ಕೊಂದವನು ನಾಯಕ, ಸತ್ತವಳು ಪೀಡೆ.

ಬೇರೆ ಊರಿನವರಿಗೆ ಇದು ಕಥೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಶಾಲೆಗಳಲ್ಲಿ ಪಾಠ ಹೇಳಿದವಳಿಗೆ ಅಷ್ಟು ಸುಲಭವಲ್ಲ. ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. ಆದರೆ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರು ಬರೆಯುವ ಜಾಗ ಬಂದಾಗ ತಲೆ ತಗ್ಗಿಸಿದ ಹುಡುಗಿಯರನ್ನು ನಾನು ಆಮೇಲೂ ಕಂಡಿದ್ದೇನೆ. ಈ ಸಿನಿಮಾ ಬಂದ ವರ್ಷ, ಶಾಲಾ ವಾರ್ಷಿಕೋತ್ಸವದಲ್ಲಿ ಚೆನ್ನಾಗಿ ಕುಣಿದ ಅಂಥ ಒಬ್ಬಳಿಗೆ ಹುಡುಗರು ‘ನಾಗವಲ್ಲಿ’ ಎಂದು ಹೆಸರಿಟ್ಟರು. “ಟೀಚರ್, ನಾನಿನ್ನ ಕುಣಿಯಂಗಿಲ್ರಿ” ಎಂದಳು. ಹುಡುಗರನ್ನು ನಿಲ್ಲಿಸಿ ಕೇಳಿದೆ: “ಆ ನಾಗವಲ್ಲಿ ಯಾರಿಗೇನು ಅನ್ಯಾಯ ಮಾಡಿದ್ಲು, ಹೇಳ್ರಪ್ಪ?” ಒಬ್ಬರೂ ಬಾಯಿ ಬಿಡಲಿಲ್ಲ. ಸಿನಿಮಾ ಅವರಿಗೆ ಆ ಪ್ರಶ್ನೆಯನ್ನೇ ಕೊಟ್ಟಿರಲಿಲ್ಲ.

ಈಗ ಸಿ.ಡಿ. ಅಂಗಡಿಗಳು ಮುಚ್ಚಿವೆ, ಸಿನಿಮಾ ಮೊಬೈಲಿಗೇ ಬರುತ್ತದೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವವರು ನಾವೇ. ವಿಷ್ಣುವರ್ಧನ್ ಅವರಿಗಾಗಿ ‘ಆಪ್ತರಕ್ಷಕ’ವನ್ನು ಒಮ್ಮೆ ಧಾರಾಳವಾಗಿ ನೋಡಿ. ಆದರೆ ‘ಆಪ್ತಮಿತ್ರ’ವನ್ನು ಮೊದಲು ತೋರಿಸಿ. ಎರಡೂ ಮುಗಿದ ಮೇಲೆ, ಹೆದರಿಕೆಯಾಯಿತೇ ಎಂದು ಮಕ್ಕಳನ್ನು ಕೇಳಬೇಡಿ. ತಪ್ಪು ಯಾರದು ಎಂದು ಕೇಳಿ.